ಕೈ ಬೀಸಿ ನಡೆದಿದ್ದಕ್ಕೂ ತೆರಿಗೆ ಕಟ್ಟಿದವರ ಪರವಾಗಿ: ಇತಿಹಾಸದ ಪಾಠ ಬರೆಯುವವರಿಗೊಂದು ಪತ್ರ

ಶಾಲಾ ಪಠ್ಯಪುಸ್ತಕಗಳಿಗೆ ಇತಿಹಾಸದ ಪಾಠ ಬರೆಯುವ ಹಿರಿಯರಿಗೆ,

ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನವಳು. 29 ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಮಾಡಿದೆ. ನಿವೃತ್ತಿಯಾಗಿ ಇದು ಮೂರನೇ ಮಳೆಗಾಲ. ಕೆಲಸದಲ್ಲಿದ್ದಾಗ ಓದಲು ಪುರಸೊತ್ತು ಸಿಗದಿದ್ದ ಹಳೆಯ ಪುಸ್ತಕಗಳನ್ನು ಈಗ ಒಂದೊಂದೇ ತೆಗೆದು ಓದುತ್ತಿದ್ದೇನೆ. ಹಾಗೆ ಓದುವಾಗ ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರ್‌ನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಮ್ಮ ತಾಲ್ಲೂಕಿನಲ್ಲಿ ನಗರ ಅನ್ನುವ ಹೆಸರಿನ ಊರಿದೆ. ಆ ನಗರ ಸೀಮೆಯಲ್ಲಿ ಒಂದು ಜಾಗ ಇತ್ತಂತೆ. ಅಲ್ಲಿ ಹಾದುಹೋಗುವವರು ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯಬೇಕು. ಕೈ ಬೀಸಿಕೊಂಡು ನಡೆದರೆ ತೆರಿಗೆ ಕಟ್ಟಬೇಕು. ಇನ್ನೊಂದು ಹಳ್ಳಿಯ ಕಥೆ ಹೀಗಿದೆ. ಆ ಊರಿನವರ ಹಿರಿಯರ ಕಾಲದಲ್ಲಿ ಪಾಳೇಗಾರನೊಬ್ಬನ ಕುದುರೆ ತಪ್ಪಿಸಿಕೊಂಡಿತ್ತು. ಹುಡುಕಿಕೊಡಲಿಲ್ಲ ಅಂತ ಇಡೀ ಊರಿಗೆ ಒಂದು ತೆರಿಗೆ ಬಿತ್ತು. ಪಾಳೇಗಾರನೂ ಹೋದ, ಕುದುರೆಯೂ ಹೋಯಿತು. ತೆರಿಗೆ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯಿತು. ಮದುವೆ ಮಾಡಿದರೆ ಕಾಸು. ಮಗು ಹುಟ್ಟಿದರೆ ಕಾಸು. ಹೆಸರಿಟ್ಟರೆ, ತಲೆ ಬೋಳಿಸಿದರೆ ಅದಕ್ಕೂ ಕಾಸು. ಮೈಸೂರು ಸಂಸ್ಥಾನದಲ್ಲಿ ಇಂಥ ಚಿಲ್ಲರೆ ತೆರಿಗೆಯ ಬಾಬುಗಳು ಎಷ್ಟಿದ್ದವು ಗೊತ್ತಾ? ಮುಂದೆ ಇಂಗ್ಲಿಷ್ ಕಮಿಷನರುಗಳ ಕಾಲದಲ್ಲಿ ತೆಗೆದುಹಾಕಿದ ಬಾಬುಗಳೇ 769.

ಈ ತೆರಿಗೆಗಳು ಸುಮ್ನೆ ಹೋಗಲಿಲ್ಲ. 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಆ ದಂಗೆಯನ್ನು ನೆಪ ಮಾಡಿಕೊಂಡು ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಂಡರು. 1881ರವರೆಗೆ, ಅಂದರೆ 50 ವರ್ಷ, ವಾಪಸು ಕೊಡಲಿಲ್ಲ. ಆ 50 ವರ್ಷದಲ್ಲಿ ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. ಇವತ್ತು ನಮ್ಮ ವಿಧಾನಸೌಧ ಬೆಂಗಳೂರಿನಲ್ಲಿ ಇರುವುದಕ್ಕೂ, ಮಲೆನಾಡಿನ ಕೆಸರುಗದ್ದೆಯಲ್ಲಿ ನಿಂತು ಕಂದಾಯ ಕೊಡುವುದಿಲ್ಲ ಎಂದ ಆ ಜನಕ್ಕೂ ಸಂಬಂಧ ಇದೆ. ಇದನ್ನು ನಮ್ಮ ಮಕ್ಕಳಿಗೆ ಯಾರು ಹೇಳಿದ್ದಾರೆ?

ನಾನಂತೂ ಹೇಳಿರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಗರದ ಕೋಟೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಕ್ಲಾಸಿನಲ್ಲಿ ಆ ದಂಗೆಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಯುದ್ಧದ ಪಾಠ ಅಂದರೆ ಕಪ್ಪುಹಲಗೆಯ ಮೇಲೆ ಮೂರು ಭಾಗ: ಕಾರಣಗಳು, ಘಟನೆಗಳು, ಪರಿಣಾಮಗಳು. ಒಪ್ಪಂದದ ಹೆಸರು, ಇಸವಿ, ಸಹಿ ಹಾಕಿದವರು. ನಾಲ್ಕು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗುತ್ತಿತ್ತು. ಮಕ್ಕಳು ಬರೆದರು, ಪಾಸಾದರು. ಮೂರನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು 3 ಕೋಟಿ 30 ಲಕ್ಷ ರೂಪಾಯಿ ದಂಡ ಕೊಡಬೇಕಾಯಿತು ಅಂತ ಎಷ್ಟು ಸಲ ಬರೆಸಿದ್ದೇನೋ ಲೆಕ್ಕವಿಲ್ಲ. ಆ ದುಡ್ಡು ಯಾರ ಕಣಜದಿಂದ ಬಂತು ಅಂತ ಒಂದು ಸಲವೂ ಕೇಳಲಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನನ್ನ ಕೋರಿಕೆ ದೊಡ್ಡದೇನಲ್ಲ. ಯುದ್ಧದ ಪಾಠ ಬರೆಯುವಾಗ ಅದರ ಖರ್ಚನ್ನು ಕೊಟ್ಟವರನ್ನೂ ಪಾಠದೊಳಗೆ ಕರೆತನ್ನಿ. ಅದಕ್ಕೆ ನಗರದ ದಂಗೆಗಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ಕಾಣುತ್ತಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ತಾಳ್ಮೆಯಿಂದ ಓದಿ.

ಈ ಕಥೆ ನಗರದಲ್ಲಿ ಶುರುವಾಗುವುದಿಲ್ಲ. ಪ್ಯಾರಿಸ್‌ನಲ್ಲಿ ಶುರುವಾಗುತ್ತದೆ.

1789ರಲ್ಲಿ ಫ್ರಾನ್ಸಿನ ಜನ ದಂಗೆ ಎದ್ದರು. ಅಲ್ಲಿಯೂ ತೆರಿಗೆಯ ಭಾರ, ರೊಟ್ಟಿಯ ಬೆಲೆ. ರಾಜನ ಬೊಕ್ಕಸ ಖಾಲಿಯಾಗಿದ್ದಕ್ಕೆ ಒಂದು ಮುಖ್ಯ ಕಾರಣ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣ. ಕ್ರಾಂತಿ ಆಯಿತು, ರಾಜನ ತಲೆ ಹೋಯಿತು, ಯುರೋಪಿನ ತುಂಬ ಯುದ್ಧ ಹಬ್ಬಿತು. ಆ ಗಲಾಟೆಯಿಂದ ಮೇಲೆ ಬಂದ ನೆಪೋಲಿಯನ್ 1798ರ ಜುಲೈನಲ್ಲಿ ಈಜಿಪ್ಟಿಗೆ ಬಂದು ಇಳಿದ. ಅಷ್ಟರಲ್ಲಿ ಟಿಪ್ಪುವಿನ ದೂತರು ಫ್ರೆಂಚರ ಕೈಯಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಹೋಗಿ ಸಹಾಯ ಕೇಳಿದ್ದರು. ಅಲ್ಲಿನ ಗವರ್ನರ್ ಅದನ್ನು ಗುಟ್ಟಾಗಿ ಇಡಲಿಲ್ಲ, ಎಲ್ಲರಿಗೂ ಗೊತ್ತಾಗುವಂತೆ ಪ್ರಕಟಣೆ ಹೊರಡಿಸಿದ. ಕೊನೆಗೆ ಟಿಪ್ಪುವಿನ ಸಹಾಯಕ್ಕೆ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇರಲಿಲ್ಲ. ಆದರೆ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟೇ ನೆಪ ಬೇಕಾಗಿತ್ತು. ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದವಂತೂ ಟಿಪ್ಪುವಿನ ಕೈ ಸೇರಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರಿಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಇಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ ಅಲ್ವಾ? ಟಿಪ್ಪು ಸತ್ತ, ಒಡೆಯರು ಬಂದರು, ಮುಂದಿನ ಅಧ್ಯಾಯ. ಆಮೇಲೆ ಏನಿದ್ದರೂ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳ. ಸರ್ಕಾರ ಬದಲಾದಾಗಲೆಲ್ಲ ಆ ಜಗಳ ಪಠ್ಯಪುಸ್ತಕದ ಬಾಗಿಲಿಗೆ ಬರುತ್ತದೆ. ಅದರಲ್ಲಿ ನಿಮಗೂ ಸಾಕಾಗಿರುತ್ತದೆ. ಆದರೆ ರೈತನ ಕಥೆ ಶುರುವಾಗುವುದು ಅದೇ 1799ರ ಜುಲೈನಲ್ಲಿ.

ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗು. ಆ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿ ಇಂಗ್ಲಿಷರು ಒಪ್ಪಂದ ಮಾಡಿಕೊಂಡರು. ರಾಜ್ಯದ ಕಾವಲಿಗೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಇರುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಆಗಿನ ಚಿನ್ನದ ನಾಣ್ಯ, ಕೊಡಬೇಕು. ರೂಪಾಯಿಯ ಲೆಕ್ಕದಲ್ಲಿ ಸುಮಾರು 24 ಲಕ್ಷ 50 ಸಾವಿರ. ಒಡೆಯರಿಗೆ ಬಿಟ್ಟುಕೊಟ್ಟ ಪ್ರದೇಶದ ಹುಟ್ಟುವಳಿಯನ್ನು ಆಗ ಅಂದಾಜು ಮಾಡಿದ್ದು 13 ಲಕ್ಷ 74 ಸಾವಿರ ವರಹ. ಅಂದರೆ ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲೇ ಕಂಪನಿಗೆ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. 1807ರಲ್ಲಿ ಇನ್ನೊಂದು ಷರತ್ತು ಬಂತು. ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಟ್ಟಿರಬೇಕು. ಮರಾಠರ ಮೇಲೆ, ಪಿಂಡಾರಿಗಳೆಂಬ ಲೂಟಿಕೋರ ಪಡೆಗಳ ಮೇಲೆ ಕಂಪನಿ ಯುದ್ಧ ಮಾಡಿದಾಗ ಆ ಸವಾರರು ಹೋದರು. ಅವರ ಕುದುರೆಯ ಹುರುಳಿಯೂ ಇಲ್ಲಿನ ರೈತರ ಹೊಲದಿಂದಲೇ ಹೋಗಬೇಕಾಯಿತು.

ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಜಾಸ್ತಿ ಇತ್ತು ಅಂತ ಹೊಗಳುತ್ತೇವೆ. ಅವರು ದಕ್ಷರು, ಅದರಲ್ಲಿ ಅನುಮಾನ ಇಲ್ಲ. ಆದರೆ ಕಂಪನಿಗೆ ಅಷ್ಟು ಕೊಟ್ಟ ಮೇಲೂ 2 ಕೋಟಿ ಉಳಿಯಿತು ಅಂದರೆ ವಸೂಲಿ ಎಷ್ಟು ಬಿಗಿ ಇದ್ದಿರಬೇಕು ಅಂತ ನಾನು ಈಗ ಯೋಚಿಸುತ್ತೇನೆ. ಆಮೇಲೆ ಹದಿಹರೆಯದ ಅರಸರ ಕೈಗೆ ರಾಜ್ಯ ಬಂತು. ದಾನ, ಧರ್ಮ, ಉತ್ಸವ, ವಿದ್ವಾಂಸರಿಗೆ ಆಶ್ರಯ. ಮುಮ್ಮಡಿಯವರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯುವ ಮಾತೇ ಇಲ್ಲ. ಆದರೆ ಬೊಕ್ಕಸ ಕರಗಿತು. ಕಂಪನಿಯ ಕಂತು ಮಾತ್ರ ನಿಲ್ಲುವ ಹಾಗಿರಲಿಲ್ಲ.

ಆಗ ಬಂದದ್ದು ಶರತ್ತು ಪದ್ಧತಿ. ಇದನ್ನು ನೀವು ದಯವಿಟ್ಟು ಪಾಠದಲ್ಲಿ ಬಿಡಿಸಿ ಬರೆಯಿರಿ. ಒಬ್ಬ ಅಮಲ್ದಾರ, ಅಂದರೆ ತಾಲ್ಲೂಕಿನ ಕಂದಾಯದ ಅಧಿಕಾರಿ, ತನ್ನ ತಾಲ್ಲೂಕಿನಿಂದ ಇಷ್ಟು ಹಣ ಕೊಡುತ್ತೇನೆ ಅಂತ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಜಾಸ್ತಿ ಬಂದರೆ ಸರ್ಕಾರಕ್ಕೆ. ಕಡಿಮೆ ಬಂದರೆ ಅಮಲ್ದಾರ ಕೈಯಿಂದ ತುಂಬಿಕೊಡಬೇಕು. ಯಾವ ಅಮಲ್ದಾರ ಕೈಯಿಂದ ಕೊಡುತ್ತಾನೆ ಹೇಳಿ? ಅವನು ಪಟೇಲನನ್ನು ಒತ್ತಿದ, ಪಟೇಲ ಶಾನುಭೋಗರ ಜೊತೆ ಸೇರಿ ರೈತನನ್ನು ಒತ್ತಿದ. ಮಳೆ ಹೆಚ್ಚಾಗಿ ಗದ್ದೆ ಕೊಚ್ಚಿಹೋದರೂ ಬರೆದುಕೊಟ್ಟ ಅಂಕಿ ಅಂಕಿಯೇ. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಅಡಿಕೆ ಉದುರಿ ಬಿದ್ದ ವರ್ಷ ಸೊಸೈಟಿ ಸಾಲದ ಕಂತು ಕಟ್ಟಿದ ಯಾರಿಗಾದರೂ ಆ ಸಂಕಟ ಗೊತ್ತು.

ಇದರ ಜೊತೆಗೆ ನಗರ ಸೀಮೆಯಲ್ಲಿ ಇನ್ನೊಂದು ಗಂಟು ಇತ್ತು. ಫೌಜುದಾರ, ಅಂದರೆ ಸೀಮೆಯ ಮುಖ್ಯ ಅಧಿಕಾರಿಯಾಗಿ ರಾಮರಾವ್ ಅಲ್ಲಿ ಅಧಿಕಾರದಲ್ಲಿದ್ದವರು. ಕಚೇರಿಗಳಲ್ಲಿ ಅವರ ನೆಂಟರಿಷ್ಟರೇ ತುಂಬಿಕೊಂಡಿದ್ದರು. 1828ರ ಹೊತ್ತಿಗೆ ಅಲ್ಲಿಗೆ ಅರಸು ಮನೆತನದ ಹೊಸ ಫೌಜುದಾರರು ಬಂದರು. ಹಿಂದೆ ಮನ್ನಾ ಮಾಡಿದ ಬಾಕಿಗಳಲ್ಲಿ ಮೋಸ ಇದೆ ಅಂತ ಹಳೆಯ ಲೆಕ್ಕ ಕೆದಕಿದರು. ಮೋಸ ಇದ್ದದ್ದು ನಿಜವೇ ಇರಬಹುದು. ಆದರೆ ತೀರಿತು ಅಂದುಕೊಂಡಿದ್ದ ಬಾಕಿಯನ್ನು ಮತ್ತೆ ಕೇಳಿದಾಗ ರೈತನಿಗೆ ಹೇಗಾಗಿರಬೇಡ? ಧಾನ್ಯದ ಬೆಲೆ ಬೇರೆ ಬಿದ್ದಿದ್ದ ಕಾಲ ಅದು. ಕಂದಾಯದ ಅಂಕಿ ಅಷ್ಟೇ ಇದ್ದರೂ ಅದಕ್ಕಾಗಿ ಮಾರಬೇಕಾದ ಭತ್ತ ಜಾಸ್ತಿ.

ಆಗ ಸಾದರಮಲ್ಲ ಅನ್ನುವವನು ಕಾಣಿಸಿಕೊಂಡ. ಬೂದಿಬಸವಪ್ಪ ಅಂತಲೂ ಅವನನ್ನು ಕರೆಯುತ್ತಾರೆ. ತಾನು ಕೆಳದಿ ಅರಸರ ವಂಶದವನು, ಈ ನಗರದ ಗದ್ದುಗೆ ತನ್ನದು ಅಂತ ಹೇಳಿಕೊಂಡ. ಅವನ ಮಾತು ಸುಳ್ಳು ಅಂತಲೇ ಇತಿಹಾಸಕಾರರ ಅಭಿಪ್ರಾಯ. ನನ್ನನ್ನು ಕಾಡಿದ ಪ್ರಶ್ನೆ ಅದಲ್ಲ. ಜನ ಅವನನ್ನು ಯಾಕೆ ನಂಬಿದರು?

ನನಗೆ ತೋಚುವ ಉತ್ತರ ಇಷ್ಟು. ನಗರ ಅಂದರೆ ಹಳೆಯ ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಅದೇ ಸವೆದು ನಗರ ಆಯಿತು. ಆದರೆ ನಾಯಕರು ಹೋದರೂ ಅವರಲ್ಲೊಬ್ಬನಾದ ಶಿವಪ್ಪನಾಯಕನ ಶಿಸ್ತು, ಅಂದರೆ ಆತ ಗೊತ್ತುಮಾಡಿದ ಕಂದಾಯದ ಲೆಕ್ಕ, ಜನರ ಬಾಯಲ್ಲಿ ಉಳಿಯಿತು. ಇವತ್ತಿಗೂ ನಮ್ಮ ಕಡೆ ಹಿರಿಯರು ಅಚ್ಚುಕಟ್ಟಾದ ಲೆಕ್ಕಕ್ಕೆ ಶಿವಪ್ಪನಾಯಕನ ಶಿಸ್ತು ಅನ್ನುತ್ತಾರೆ. ಆತ ಒಂದೊಂದು ಬಗೆಯ ಭೂಮಿಯನ್ನು 12 ವರ್ಷ ತಾನೇ ಬೇಸಾಯ ಮಾಡಿಸಿ, ಸರಾಸರಿ ಫಸಲು ನೋಡಿ, ಆಮೇಲೆ ಕಂದಾಯ ಗೊತ್ತುಮಾಡಿದ ಅಂತ ಹೇಳುತ್ತಾರೆ. ಶರತ್ತಿನ ಅಮಲ್ದಾರನ ಕೈಗೆ ಸಿಕ್ಕ ರೈತನಿಗೆ ಆ ಹೆಸರು ಎಂಥ ಆಸೆ ಹುಟ್ಟಿಸಿರಬೇಕು! ಸಾದರಮಲ್ಲ ನಿಜವಾದ ವಾರಸುದಾರನೋ ಅಲ್ಲವೋ, ಜನ ಕಾಯುತ್ತಿದ್ದದ್ದು ಆ ಶಿಸ್ತಿಗಾಗಿ ಅಂತ ನನಗೆ ಅನ್ನಿಸುತ್ತದೆ.

1830ರ ಆಗಸ್ಟ್ ಹೊತ್ತಿಗೆ ನಗರದ ರೈತರು ಬೇರೆ ತಾಲ್ಲೂಕುಗಳ ರೈತರಿಗೆ ಕಾಗದ ಬರೆದರು. ಬಸವಾಪಟ್ಟಣದಂಥ ಕಡೆಗಳಲ್ಲಿ ಸೇರೋಣ ಬನ್ನಿ ಅಂತ ಕರೆದರು. ಗಮನಿಸಿ, ಮೊದಲು ಎತ್ತಿದ್ದು ಕತ್ತಿಯನ್ನಲ್ಲ. ಕೂಟ ಸೇರಿದರು, ಅಹವಾಲು ಹೇಳಿದರು, ಕಂದಾಯ ಕೊಡುವುದನ್ನು ನಿಲ್ಲಿಸಿದರು. ಅದೇ ಹೊತ್ತಿನಲ್ಲಿ ಘಟ್ಟದ ಕೆಳಗೆ ಕಂಪನಿ ಆಳುತ್ತಿದ್ದ ಕೆನರಾದಲ್ಲೂ ರೈತರ ಕೂಟಗಳು ನಡೆದವು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಜನ ಸೇರಿದರು. ಗಾಂಧೀಜಿ ಹುಟ್ಟುವುದಕ್ಕೆ ಸುಮಾರು 40 ವರ್ಷ ಮೊದಲು ನಮ್ಮ ಕನ್ನಡ ನಾಡಿನ ರೈತರು ಕರನಿರಾಕರಣೆ ಮಾಡಿದ್ದರು. ಈ ಒಂದು ಮಾತನ್ನು ಪಾಠದಲ್ಲಿ ಸೇರಿಸಿದರೂ ನನಗೆ ಸಮಾಧಾನ.

ಆಮೇಲೆ ಅದು ಕೂಟವಾಗಿ ಉಳಿಯಲಿಲ್ಲ. ತರೀಕೆರೆಯ ಪಾಳೇಗಾರರ ವಂಶದವರು ತಮ್ಮ ಹಳೆಯ ಅಧಿಕಾರದ ಆಸೆಯಿಂದ ಸೇರಿಕೊಂಡರು. ಸಾದರಮಲ್ಲನ ಕಡೆಯವರು ಕೋಟೆಗಳನ್ನು ಹಿಡಿದರು. 1830ರ ಡಿಸೆಂಬರಿನಲ್ಲಿ ಮಹಾರಾಜರೇ ಸೈನ್ಯದೊಂದಿಗೆ ಚನ್ನರಾಯಪಟ್ಟಣದ ಕಡೆ ಬಂದರು. ಹಲವರನ್ನು ಗಲ್ಲಿಗೆ ಹಾಕಲಾಯಿತು. ದಂಗೆ ನಿಲ್ಲಲಿಲ್ಲ. ಕೊನೆಗೆ ಕಂಪನಿಯ ಪಡೆ ಬಂತು. ಹೊನ್ನಾಳಿ ಸುತ್ತ ಕಾದಾಟವಾಯಿತು. 1831ರ ಜೂನ್‌ನಲ್ಲಿ ನಗರದ ಕೋಟೆ ಕಂಪನಿಯ ಕೈಗೆ ಹೋಯಿತು. ಅದು ನಮ್ಮಲ್ಲಿ ಮಳೆ ಹಿಡಿಯುವ ತಿಂಗಳು, ಅಗೆ ಹಾಕುವ ಹೊತ್ತು. ಆ ವರ್ಷ ಎಷ್ಟು ಗದ್ದೆ ಪಾಳು ಬಿದ್ದಿತ್ತೋ. ಸತ್ತ ರೈತರ ಹೆಸರುಗಳ ಕಲ್ಲು ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮಹಾರಾಜರಿಗೆ ಕಾಗದ ಬರೆದರು. ಅಕ್ಟೋಬರ್‌ನಲ್ಲಿ ಮುಮ್ಮಡಿಯವರು ಯಾವ ಗಲಾಟೆಯೂ ಇಲ್ಲದೆ ಆಡಳಿತ ಬಿಟ್ಟುಕೊಟ್ಟರು. ದಂಗೆಗೆ ಕಾರಣ ಏನು ಅಂತ ನೋಡಲು ಇಂಗ್ಲಿಷರು ಒಂದು ಸಮಿತಿ ನೇಮಿಸಿದರು. ಅದು 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅಂದರೆ ಮೊದಲು ರಾಜ್ಯ ತೆಗೆದುಕೊಂಡರು, ಆಮೇಲೆ ವಿಚಾರಣೆ ಮಾಡಿದರು. 1834ರಲ್ಲಿ ಬೆಂಟಿಂಕ್ ಅವರೇ ರಾಜ್ಯದ ದೊಡ್ಡ ಪಾಲನ್ನು ಅರಸರಿಗೆ ವಾಪಸು ಕೊಡುವ ಯೋಚನೆ ಮುಂದಿಟ್ಟರು. ಲಂಡನ್ನಿನವರು ಒಪ್ಪಲಿಲ್ಲ. ತನ್ನ ಸೈನ್ಯದ ಖರ್ಚು ಹೊರಲಾಗದೆ ಎದ್ದ ದಂಗೆಯನ್ನೇ ಕಾರಣ ಮಾಡಿಕೊಂಡು ಕಂಪನಿ ಇಡೀ ರಾಜ್ಯವನ್ನು ಹಿಡಿದುಕೊಂಡಿತು. ಅರಸರ ದುಂದು, ಅಧಿಕಾರಿಗಳ ಲಂಚ ಎಲ್ಲವೂ ನಿಜವೇ. ಆದರೆ ವರ್ಷಕ್ಕೆ 24 ಲಕ್ಷ 50 ಸಾವಿರದ ಆ ಕಂತನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಮುಂದಿನದು ನಿಮಗೆ ಗೊತ್ತೇ ಇದೆ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ಕಚೇರಿ ಬೆಂಗಳೂರಿಗೆ ಬಂತು. ದಂಡು ಅಲ್ಲಿ 1809ರಿಂದಲೇ ಇತ್ತು, ಈಗ ಆಡಳಿತವೂ ಅದರ ಪಕ್ಕಕ್ಕೆ ಬಂದು ಕೂತಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. 1868ರಲ್ಲಿ ಅಠಾರಾ ಕಚೇರಿ ಎದ್ದಿತು. ಇವತ್ತು ಹೈಕೋರ್ಟ್ ಇರುವ ಕೆಂಪು ಕಟ್ಟಡ ಅದೇ. ಶಾಲಾ ಪ್ರವಾಸದಲ್ಲಿ ಎಷ್ಟೋ ಸಲ ಮಕ್ಕಳನ್ನು ಆ ಕಟ್ಟಡದ ಎದುರು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ದೇನೆ. ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದಿದ್ದೇವೆ. ಈ ಕಬ್ಬನ್ ನಮ್ಮ ನಾಡಿಗೆ ಬಂದದ್ದು ಯಾಕೆ ಮಕ್ಕಳೇ, ನಿಮ್ಮೂರಿನವರ ದೆಸೆಯಿಂದ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲವಲ್ಲ ಅಂತ ಈಗ ಹೊಟ್ಟೆ ಉರಿಯುತ್ತದೆ.

ನಗರಕ್ಕೆ ಏನಾಯಿತು? ಕಮಿಷನರ ಆಡಳಿತದಲ್ಲಿ ಸಂಸ್ಥಾನವನ್ನು ನಾಲ್ಕು ವಿಭಾಗ ಮಾಡಿದಾಗ ಒಂದಕ್ಕೆ ನಗರದ ಹೆಸರೇ ಇತ್ತು. ಕಾಲ ಕಳೆದಂತೆ ಕಚೇರಿ, ಪೇಟೆ ಎಲ್ಲ ಶಿವಮೊಗ್ಗದ ಪಾಲಾಯಿತು. ಒಂದು ಕಾಲದ ರಾಜಧಾನಿ ಈಗ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಪುಟ್ಟ ಊರು. ಪ್ರವಾಸಿಗರು ಕಾರು ನಿಲ್ಲಿಸುತ್ತಾರೆ, ಕೋಟೆ ಹತ್ತುತ್ತಾರೆ, ಅಕ್ಕ-ತಂಗಿಯರ ಕೊಳ ನೋಡುತ್ತಾರೆ, ಹೋಗುತ್ತಾರೆ.

ಒಂದು ದಂಗೆ ಇನ್ನೊಂದಕ್ಕೆ ಹೇಗೆ ಕೊಂಡಿಯಾಗುತ್ತದೆ ಅಂತಲೂ ಮಕ್ಕಳಿಗೆ ತೋರಿಸಬಹುದು. 1834ರಲ್ಲಿ ಕೊಡಗನ್ನು ಕಂಪನಿ ತೆಗೆದುಕೊಂಡಿತು. ಕೊಡಗಿನ ಅರಸರ ಕೈಕೆಳಗಿದ್ದ ಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳನ್ನು, ಅಂದರೆ ಹಳ್ಳಿಗಳ ಗುಂಪುಗಳನ್ನು, ಕೆನರಾಕ್ಕೆ ಸೇರಿಸಿತು. ಅಲ್ಲಿನವರು ಮೊದಲು ಕಂದಾಯವನ್ನು ಫಸಲಿನಲ್ಲಿ ಕೊಡುತ್ತಿದ್ದರು. ಈಗ ನಗದೇ ಬೇಕು ಅಂದರು. ನಗದಿಗಾಗಿ ಸಾಹುಕಾರನ ಮುಂದೆ ನಿಲ್ಲಬೇಕಾಯಿತು. 1837ರಲ್ಲಿ ಅಮರ ಸುಳ್ಯದ ಜನ ಎದ್ದರು. ಕೆದಂಬಾಡಿ ರಾಮಯ್ಯಗೌಡರಂಥವರು ಮುಂದೆ ನಿಂತರು. ಅಲ್ಲಿಯೂ ಕಲ್ಯಾಣಸ್ವಾಮಿ ಅನ್ನುವ ಹೆಸರಿನಲ್ಲಿ ಒಬ್ಬ ವಾರಸುದಾರನಿದ್ದ. ಏಪ್ರಿಲ್‌ನಲ್ಲಿ ಮಂಗಳೂರಿಗೇ ನುಗ್ಗಿ 13 ದಿನ ಆಳಿದರು, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ನಗರ, ಸುಳ್ಯ ಎರಡು ಕಡೆಯೂ ಹಳೆಯ ಅರಸನ ಹೆಸರು, ಹೊಸ ಕಂದಾಯದ ಸಿಟ್ಟು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಕಲಿಸಿದರೆ ಮಕ್ಕಳೇ ಆ ಸಾಮ್ಯ ಕಂಡುಹಿಡಿಯುತ್ತಾರೆ. ಒಳ್ಳೆಯ ಸುದ್ದಿ ಎಂದರೆ ಬಾವುಟಗುಡ್ಡೆಯಲ್ಲಿ ಈಗ ರಾಮಯ್ಯಗೌಡರ ಪ್ರತಿಮೆ ನಿಂತಿದೆ.

ಇನ್ನು 1857. ಆ ಹೋರಾಟ ಸೋತಿತು ಅಂತ ಕಲಿಸುತ್ತೇವೆ. ಆದರೆ ಅದರ ಹೆದರಿಕೆಯಿಂದಲೇ ಇಂಗ್ಲಿಷರು ದೇಶೀ ಸಂಸ್ಥಾನಗಳನ್ನು ನುಂಗುವ ಹಳೆಯ ಚಾಳಿಯನ್ನು ನಿಲ್ಲಿಸಿದರು. ಮುಮ್ಮಡಿಯವರು 1865ರಲ್ಲಿ ಮಾಡಿಕೊಂಡ ದತ್ತುವನ್ನು ಇಂಗ್ಲಿಷರು 1867ರಲ್ಲಿ ಒಪ್ಪಿಕೊಂಡರು. 1868ರಲ್ಲಿ ಅರಸರು ತೀರಿಕೊಂಡರು. ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ವಾಪಸು ಬಂತು. ದಿಲ್ಲಿ, ಲಖನೌ, ಝಾನ್ಸಿಯಲ್ಲಿ ಸತ್ತವರು ಮೈಸೂರನ್ನು ನೆನೆಸಿಕೊಂಡಿರಲಿಕ್ಕಿಲ್ಲ. ಆದರೂ ಮೈಸೂರು ಉಳಿದದ್ದರಲ್ಲಿ ಅವರ ಪಾಲಿದೆ. ವಾಪಸು ಕೊಡುವಾಗಲೂ ಕಂತು ಬಿಡಲಿಲ್ಲ. ಅದನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತು ಹಾಕಿದರು. 1799ರ ಯುದ್ಧದ ಖರ್ಚನ್ನು 1881ರಲ್ಲಿ ಹುಟ್ಟಿದ ರೈತನ ಮಗುವೂ ಹೊರಬೇಕಾಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಬಂದವರು ಜಮೀನುದಾರರು, ವ್ಯಾಪಾರಿಗಳು. ಬಡ ರೈತನಿಗೆ ಅಲ್ಲಿ ಕುರ್ಚಿ ಇರಲಿಲ್ಲ, ಮತ ಹಾಕುವ ಅಧಿಕಾರವೂ ಇರಲಿಲ್ಲ. ಆದರೂ ಊರೂರಿನವರು ಬಂದು ಸರ್ಕಾರದ ಎದುರು ಕೂತು ಕಷ್ಟಸುಖ ಹೇಳಿಕೊಳ್ಳುವ ಒಂದು ಜಾಗ ಆಯಿತು. 50 ವರ್ಷ ಹಿಂದೆ ಬಸವಾಪಟ್ಟಣದ ಕೂಟದಲ್ಲಿ ಕೂತವರಿಗೆ ಅಂಥ ಜಾಗ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಿರಿಯರೇ, ದಂಗೆ ಎದ್ದವರೆಲ್ಲ ದೇವರು ಅಂತ ಬರೆಯಿರಿ ಅನ್ನುತ್ತಿಲ್ಲ. ಅವರಲ್ಲಿ ಸ್ವಾರ್ಥಿಗಳಿದ್ದರು, ಮೋಸಗಾರರಿದ್ದರು, ತಮ್ಮ ಹಳೆಯ ಅಧಿಕಾರಕ್ಕಾಗಿ ರೈತರನ್ನು ಮುಂದೆ ತಳ್ಳಿದವರಿದ್ದರು. ಮಹಾರಾಜರನ್ನು ಹಳಿಯಿರಿ ಅಂತಲೂ ಹೇಳುತ್ತಿಲ್ಲ. ಐದನೇ ವಯಸ್ಸಿನಲ್ಲಿ ತನ್ನ ಹೆಸರಿನಲ್ಲಿ ಬರೆದ ಒಪ್ಪಂದದ ಭಾರವನ್ನು ಅವರೂ ಹೊತ್ತವರೇ. 1831ರಲ್ಲಿ ಕಳೆದುಕೊಂಡ ರಾಜ್ಯಕ್ಕಾಗಿ ಕೊನೆಯವರೆಗೂ ಅರ್ಜಿ ಬರೆಯುತ್ತಲೇ ಇದ್ದರು. ಇದೆಲ್ಲ ಹತ್ತನೇ ಕ್ಲಾಸಿನ ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ನೀವು ಹೇಳಬಹುದು. ಆಗುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ಸಾಲದ ನೋಟಿಸು ನೋಡಿದವರು. ಅಪ್ಪ ಅಡಿಕೆ ಮಂಡಿಯಿಂದ ಬಂದು ಮಾತಾಡದೆ ಕೂತದ್ದನ್ನು ನೋಡಿದವರು. ಒಪ್ಪಂದದ ಹೆಸರಿಗಿಂತ ಬೇಗ ಅವರಿಗೆ ಶರತ್ತು ಪದ್ಧತಿ ಅರ್ಥವಾಗುತ್ತದೆ.

ನಾನು ಕೇಳುವುದು ಇಷ್ಟೇ. ನಗರದ ದಂಗೆಗೆ ಒಂದು ಪೂರ್ತಿ ಪುಟ ಕೊಡಿ. ಆ ಪುಟದಲ್ಲಿ ಕೈ ಬೀಸಿದ್ದಕ್ಕೆ ಬಿದ್ದ ತೆರಿಗೆಯೂ, ಕಳೆದ ಕುದುರೆಯ ತೆರಿಗೆಯೂ ಇರಲಿ. ಆಂಗ್ಲೋ-ಮೈಸೂರು ಯುದ್ಧಗಳ ಪಾಠದ ಕೊನೆಗೆ 7 ಲಕ್ಷ ವರಹದ ಲೆಕ್ಕ ಹಾಕಿ, ಅದರ ಪಕ್ಕದಲ್ಲಿ 13 ಲಕ್ಷ 74 ಸಾವಿರ ಅಂತ ಬರೆಯಿರಿ. ಅಭ್ಯಾಸದ ಪ್ರಶ್ನೆಗಳಲ್ಲಿ ಒಂದನ್ನಾದರೂ ಹೀಗೆ ಕೇಳಿ: ಈ ಯುದ್ಧದ ಖರ್ಚನ್ನು ಕೊನೆಗೆ ಯಾರು ಕೊಟ್ಟರು, ಎಷ್ಟು ಕಾಲ ಕೊಟ್ಟರು? ಮಕ್ಕಳು ತಮ್ಮ ಊರಿನ ಹಿರಿಯರನ್ನು ಕೇಳಿ ಬರಲಿ. ಉತ್ತರ ತಪ್ಪಿದರೂ ಅಂಕ ಕೊಡಿ.

ಬರುವ ಡಿಸೆಂಬರ್‌ನಲ್ಲಿ, ಗದ್ದೆ ಕೊಯ್ಲು ಮುಗಿದ ಮೇಲೆ, ನಮ್ಮ ಊರಿನ ಹೈಸ್ಕೂಲಿನ ಮಕ್ಕಳನ್ನು ನಗರದ ಕೋಟೆಗೆ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಈ ಸಲ ಕೊಳದ ಹತ್ತಿರ ಕೂತು 1830ರ ಕಥೆಯನ್ನು ಮೊದಲಿಂದ ಹೇಳುತ್ತೇನೆ. ನಿಮ್ಮ ಸಮಿತಿಯವರು ಯಾರಾದರೂ ಬಂದು ಮಕ್ಕಳು ಏನು ಕೇಳುತ್ತಾರೆ ಅಂತ ಒಂದು ದಿನ ನೋಡಿ ಹೋಗಬೇಕು ಅಂತ ನನ್ನ ಆಸೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಗಲಿ. ಬರುವ ದಿನ ಶಾಲೆಗೆ ಮೊದಲೇ ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ